ಕಾಯುವವರ ಬೆಂಚು

“ಬುದ್ಧಿ, ಸದಾ ದೂರು ಹೇಳುವವರಿಗೆ ತೃಪ್ತಿಯನ್ನು ಕಲಿಸುವುದು ಹೇಗೆ?”

ಕೇಳಿದವನು ಶಿಷ್ಯ ಶಂಭುಲಿಂಗ. ಪೇಟೆಯಲ್ಲಿ ಮಠಕ್ಕೆ ಸೇರಿದ ಹನ್ನೆರಡು ಬಾಡಿಗೆ ಮನೆಗಳಿದ್ದವು. ಅವುಗಳ ಉಸ್ತುವಾರಿಯನ್ನು ಗುರುಗಳು ಎಂಟು ತಿಂಗಳ ಹಿಂದೆ ಅವನಿಗೆ ವಹಿಸಿದ್ದರು. ಅಂದಿನಿಂದ ಅವನ ಜಪಕ್ಕೂ ನೆಮ್ಮದಿಯಿಲ್ಲ, ಪಾಠಕ್ಕೂ ನೆಮ್ಮದಿಯಿಲ್ಲ. ಒಬ್ಬರ ಮನೆಯಲ್ಲಿ ಇಲಿ, ಒಬ್ಬರ ಮನೆಯಲ್ಲಿ ಗೆದ್ದಲು, ಒಬ್ಬರ ಬಚ್ಚಲು ಕಟ್ಟಿಕೊಂಡಿದೆ, ಇನ್ನೊಬ್ಬರ ಬಾಗಿಲಿಗೆ ಚಿಲಕ ಕೂರುವುದಿಲ್ಲ.

ಗುರುಗಳು ತೊಡೆಯ ಮೇಲಿದ್ದ ಪುಸ್ತಕವನ್ನು ಮುಚ್ಚಿದರು. “ಹೊರಗೆ ಯಾರೋ ಕೆಮ್ಮಿದ ಹಾಗಾಯಿತು.”

“ನಾಲ್ಕನೇ ಮನೆಯಾಕೆ ಬುದ್ಧಿ. ಕೂರಿಸಿ ಬಂದಿದ್ದೇನೆ. ಹೋದ ವಾರವೂ ಬಂದಿದ್ದರು. ಅವರಿಗೆ ಒಂದಲ್ಲ ಒಂದು ಇದ್ದೇ ಇರುತ್ತದೆ. ಹತ್ತನೇ ಮನೆಯವರನ್ನು ನೋಡಿ, ಎಂಟು ತಿಂಗಳಲ್ಲಿ ಒಂದು ಸಲವೂ ಬಾಯಿ ಬಿಟ್ಟಿಲ್ಲ. ಹೆಂಚು ಅದೇ, ಗೋಡೆ ಅದೇ. ಅಂದಮೇಲೆ ವ್ಯತ್ಯಾಸ ಇರುವುದು ಮನಸ್ಸಿನಲ್ಲಿ ತಾನೇ?”

“ಇರಬಹುದಪ್ಪ. ಒಬ್ಬ ವರ್ತಕನೂ ಹೀಗೇ ಅಂದುಕೊಂಡಿದ್ದ. ಕೂತುಕೋ, ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಅವನ ಮನೆಯ ಹಿಂದೆ ಆರು ಮನೆಗಳ ಒಂದು ವಠಾರವಿತ್ತು. ನಡುವೆ ಅಂಗಳ, ಅಂಗಳದಲ್ಲಿ ಒಂದು ಬಾವಿ. ಐದು ಮನೆಗಳು ಒಂದೇ ಸಾಲಿನಲ್ಲಿದ್ದವು, ಆರನೆಯದು ಮಾತ್ರ ಬಾವಿಯ ಆಚೆ ಒಂಟಿಯಾಗಿತ್ತು. ವರ್ತಕ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ ಶಂಭು. ಇಲ್ಲದಿದ್ದರೆ ನೀನು ಕತೆ ಮುಗಿಯುವ ತನಕ ಅವನನ್ನು ಬೈಯುತ್ತಾ ಕೂತಿರುತ್ತೀಯ, ಇದು ಬೇರೆ ಯಾರದೋ ಕತೆ ಅಂದುಕೊಳ್ಳುತ್ತೀಯ. ಹಬ್ಬ ಬಂದರೆ ಅವನು ಆರೂ ಮನೆಗೆ ಒಂದೊಂದು ಅಚ್ಚು ಬೆಲ್ಲ ಕಳಿಸುತ್ತಿದ್ದ. ಯಾರಿಗಾದರೂ ಜ್ವರ ಬಂದರೆ ವಿಚಾರಿಸುತ್ತಿದ್ದ. ಆದರೆ ದೂರು ಕೇಳುವುದೆಂದರೆ ಅವನಿಗೆ ಆಗುತ್ತಿರಲಿಲ್ಲ. ಯಾರಾದರೂ ಬಂದು “ಸಾವ್ಕಾರ್ರೇ, ಒಂದು ಮಾತು” ಅಂದರೆ ಸಾಕು, ಅವನ ಮುಖ ಗಂಟಿಕ್ಕಿಕೊಳ್ಳುತ್ತಿತ್ತು.

ಅದಕ್ಕೆ ಅವನೊಂದು ಉಪಾಯ ಮಾಡಿಕೊಂಡಿದ್ದ. ಊರಿನ ಹಳೆಯ ಛತ್ರವನ್ನು ಕೆಡವಿದಾಗ ಅಲ್ಲಿಂದ ಒಂದು ತೇಗದ ಬೆಂಚನ್ನು ತಂದು ಜಗಲಿಯಲ್ಲಿ ಹಾಕಿಸಿದ್ದ. ನಾಲ್ಕು ಜನ ಆರಾಮವಾಗಿ ಕೂರುವಂಥ ಬೆಂಚು. ಎಷ್ಟೋ ಯಾತ್ರಿಕರು ಮಲಗೆದ್ದು ಅದರ ಹಲಗೆ ನುಣುಪಾಗಿತ್ತು. ದೂರು ತಂದವರನ್ನು ಅದರ ಮೇಲೆ ಕೂರಿಸಿ, “ಕೂತಿರಿ, ಬಂದೆ” ಎಂದು ಅವನು ಒಳಗೆ ಹೋಗುತ್ತಿದ್ದ. ಒಳಗೆ ಅವನಿಗೆ ಕೆಲಸವೇನೂ ಇರುತ್ತಿರಲಿಲ್ಲ. ಪಂಚಾಂಗ ತಿರುವುತ್ತಿದ್ದ, ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ, ಒಮ್ಮೊಮ್ಮೆ ಒಂದು ಸಣ್ಣ ನಿದ್ದೆಯನ್ನೂ ತೆಗೆಯುತ್ತಿದ್ದ. ಹೊರಗೆ ಒಂದು ಗಂಟೆಯಾಗುತ್ತಿತ್ತು, ಎರಡು ಗಂಟೆಯಾಗುತ್ತಿತ್ತು. ಒಲೆಯ ಮೇಲೆ ಸಾರು ಇಟ್ಟು ಬಂದವರು ಸಾರಿನ ಯೋಚನೆಯಲ್ಲಿ ಎದ್ದು ಹೋಗುತ್ತಿದ್ದರು. ಕೆಲಸವಿದ್ದವರು ಕೆಲಸಕ್ಕೆ ಹೋಗುತ್ತಿದ್ದರು. ಅರ್ಧ ದೂರುಗಳು ಬೆಂಚಿನ ಮೇಲೆಯೇ ವಾಸಿಯಾಗುತ್ತವೆ ಎಂದು ಅವನು ಸ್ನೇಹಿತರ ಮುಂದೆ ಹೇಳಿಕೊಂಡು ನಗುತ್ತಿದ್ದ.

ಅವನು ಕೂರುತ್ತಿದ್ದುದು ಎದುರಿನ ಕಲ್ಲುಕಟ್ಟೆಯ ಮೇಲೆ. ಅವನ ಮನೆಯವರೂ ಬೆಂಚನ್ನು ಮುಟ್ಟುತ್ತಿರಲಿಲ್ಲ. ಅದು ಬಾಡಿಗೆಯವರ ಬೆಂಚು.

ವಠಾರದ ಎರಡನೇ ಮನೆಯಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬ ವಿಧವೆ ಇದ್ದಳು. ಕಾದ ಮರಳಿನಲ್ಲಿ ಪುರಿ ಹುರಿದು ಮಾರುವುದು ಅವಳ ಕಸುಬು. ಆ ಬೆಂಚಿನ ಮೇಲೆ ಅತಿ ಹೆಚ್ಚು ಕೂತವಳು ಅವಳೇ. ಹೆಗ್ಗಣ ಬಚ್ಚಲ ಮೋರಿಯಿಂದ ಒಳಗೆ ಬಂದು ಅಕ್ಕಿ ಮೂಟೆ ಕಡಿದರೆ ಅವಳು ಬರುತ್ತಿದ್ದಳು. ಒಡೆದ ಹೆಂಚಿನಿಂದ ನೀರು ಒಲೆಗೆ ತೊಟ್ಟಿಕ್ಕಿದರೆ ಬರುತ್ತಿದ್ದಳು. ಎಷ್ಟು ಹೊತ್ತು ಕಾಯಿಸಿದರೂ ಎದ್ದು ಹೋಗುತ್ತಿರಲಿಲ್ಲ. ಮರಳು ಕಾಯುವುದನ್ನು ದಿನವೂ ನೋಡುವವಳಿಗೆ ಕಾಯುವುದು ದೊಡ್ಡದಲ್ಲ. ವರ್ತಕ ಹೊರಗೆ ಬಂದು ಅವಳನ್ನು ಕಂಡು, “ಇನ್ನೂ ಇದ್ದೀಯಾ ತಾಯಿ” ಎನ್ನುತ್ತಿದ್ದ. ಕೊನೆಗೆ ಬೇಜಾರಿನಿಂದ ಆ ಕೆಲಸ ಮಾಡಿಸಿಕೊಡುತ್ತಿದ್ದ.

ಆರನೇ ಮನೆಯಲ್ಲಿದ್ದವರು ಒಬ್ಬ ಮೇಷ್ಟ್ರು. ಅವರ ಹತ್ತಿರವೇ ನಾನು ಮಗ್ಗಿ ಕಲಿತದ್ದು. ಅವರು ಮೂರು ವರ್ಷದಲ್ಲಿ ಒಂದೇ ಒಂದು ದೂರು ಹೇಳಿರಲಿಲ್ಲ. “ಮನುಷ್ಯ ಅಂದರೆ ಮೇಷ್ಟ್ರ ಹಾಗಿರಬೇಕು” ಎಂದು ವರ್ತಕ ಉಳಿದವರಿಗೆಲ್ಲ ಬುದ್ಧಿ ಹೇಳುತ್ತಿದ್ದ.

ಒಂದು ಬೇಸಿಗೆಯಲ್ಲಿ ಚಿಕ್ಕತಾಯಮ್ಮ ಬಂದು ಎರಡು ಗಂಟೆ ಕಾದು, “ಸಾವ್ಕಾರ್ರೇ, ಮನೆಯಲ್ಲಿ ತಿಗಣೆ ಆಗಿದೆ” ಎಂದಳು.

ಇಲಿ ಎಂದು ಹೇಳಬಹುದು, ಹೆಗ್ಗಣ ಎಂದು ಹೇಳಬಹುದು. ತಿಗಣೆ ಎಂದು ಬಾಯಿಬಿಟ್ಟು ಹೇಳುವುದು ವಠಾರದಲ್ಲಿ ಸುಲಭವಲ್ಲ. ಇಲಿ ತಾನಾಗಿ ಬರುತ್ತದೆ, ತಿಗಣೆಯನ್ನು ಮಾತ್ರ ಯಾರೋ ತಂದಿರುತ್ತಾರೆ ಎಂದು ಜನರ ಎಣಿಕೆ. ಹಾಗಾಗಿ ಮೊದಲು ಹೇಳಿದವರೇ ತಂದವರು ಎಂದಾಗಿಬಿಡುತ್ತದೆ. ಉಳಿದ ಮನೆಗಳವರನ್ನು ವರ್ತಕ ಅಂಗಳದಲ್ಲಿ ನಿಲ್ಲಿಸಿ ಕೇಳಿದ. “ನಮ್ಮಲ್ಲಿ ಅಂಥದ್ದೇನೂ ಇಲ್ಲಪ್ಪ” ಎಂದು ಎಲ್ಲರೂ ಮೂಗು ಮುರಿದರು. ಆ ಪೈಕಿ ನಾಲ್ಕು ಮನೆಯವರು ಅಂದು ಬೆಳಗ್ಗೆಯೇ ಬಾಗಿಲು ಹಾಕಿಕೊಂಡು ಮಂಚದ ಸಂದುಗಳಿಗೆ ಕುದಿಯುವ ನೀರು ಹುಯ್ದಿದ್ದರು. ತಮ್ಮ ಮನೆಯಲ್ಲಿ ಮಾತ್ರ ಇದೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ಪಾಪ, ಮೈ ಕೆರೆದುಕೊಳ್ಳಲೂ ಹೆದರಿಕೊಂಡು ನಿಂತಿದ್ದರು.

ವರ್ತಕ ಮನೆಮನೆ ಹೊಕ್ಕು ಮಂಚಗಳನ್ನು ತಾನೇ ನೋಡಿದ. ಚಿಕ್ಕತಾಯಮ್ಮನ ಮನೆಯಲ್ಲಿ ತಿಗಣೆ ಮುಕುರಿಕೊಂಡಿತ್ತು. ಮೂರು ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಕಂಡಿತು. ತಿಂಗಳಿಗೊಮ್ಮೆ ದೂರು ತರುತ್ತಿದ್ದ ಐದನೇ ಮನೆಯಲ್ಲಿ ಸ್ವಲ್ಪ ಜಾಸ್ತಿ ಇತ್ತು. ಮೇಷ್ಟ್ರ ಮನೆಯಲ್ಲಿ ಒಂದೂ ಇರಲಿಲ್ಲ. ದೂರು ಹೆಚ್ಚು ಹೇಳುವ ಮನೆಯಲ್ಲಿ ತಿಗಣೆ ಹೆಚ್ಚು, ದೂರೇ ಹೇಳದ ಮನೆಯಲ್ಲಿ ತಿಗಣೆಯೇ ಇಲ್ಲ. ಕೊಳಕು ಇರುವ ಕಡೆ ದೂರು ಇರುತ್ತದೆ ಎಂದು ಅವನು ತೀರ್ಮಾನಕ್ಕೆ ಬಂದ. ನಗಬೇಡ ಶಂಭು, ಅವನು ಕಣ್ಣಾರೆ ಕಂಡದ್ದನ್ನೇ ಹೇಳಿದ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

“ನೋಡಮ್ಮ, ನಿನ್ನಿಂದ ವಠಾರವೇ ಕೆಟ್ಟಿತು. ಅಮಾವಾಸ್ಯೆಯೊಳಗೆ ಮನೆ ಖಾಲಿ ಮಾಡು” ಎಂದು ಅಂಗಳದಲ್ಲಿ ಎಲ್ಲರ ಮುಂದೆ ಹೇಳಿದ.

ಚಿಕ್ಕತಾಯಮ್ಮನಿಗೆ ಒಬ್ಬಳೇ ಮಗಳು. ಆಕೆಗೆ ಚೊಚ್ಚಲು, ಎಂಟು ತಿಂಗಳು ನಡೆಯುತ್ತಿತ್ತು. ಒಂಬತ್ತಕ್ಕೆ ಬಿದ್ದ ಕೂಡಲೇ ಬಾಣಂತನಕ್ಕೆ ಕರೆದುಕೊಂಡು ಬರಬೇಕಿತ್ತು. ಗಂಡನ ಮನೆಯಲ್ಲಿ ಅತ್ತೆ ಇರಲಿಲ್ಲ, ಒಂದು ಲೋಟ ಬಿಸಿನೀರು ಕಾಯಿಸಿಕೊಡುವ ಹೆಣ್ಣುಜೀವ ಇರಲಿಲ್ಲ. ಅಮಾವಾಸ್ಯೆಗೆ ಉಳಿದದ್ದು ಹನ್ನೆರಡು ದಿನ. ಚಿಕ್ಕತಾಯಮ್ಮ ಊರೆಲ್ಲ ಮನೆ ಹುಡುಕಿದಳು. ಅವಳಿಗಿಂತ ಮೊದಲು ತಿಗಣೆಯ ಸುದ್ದಿ ಅಲ್ಲಿಗೆ ಹೋಗಿರುತ್ತಿತ್ತು. ಪುರಿ ಕೊಳ್ಳುವವರೂ ದೂರದಿಂದಲೇ ಬೇಡವೆಂದರು. ಮಗುವಿಗೆ ಎರೆಯಲು ಬರುತ್ತೇನೆಂದು ಒಪ್ಪಿಕೊಂಡಿದ್ದ ಸೂಲಗಿತ್ತಿಯೂ ಹಿಂದೆಗೆದಳು. ಮಗಳನ್ನು ಎಲ್ಲಿಗೆ ಕರೆತರುವುದು ಎಂದು ಅವಳು ಒಲೆಯ ಮುಂದೆ ಕೂತು ಅತ್ತಳು.

ಹಳೆಯ ಪಂಚೆಗಳನ್ನು ಹರಿದು ಕೂಸಿಗೆ ಬಟ್ಟೆ ಮಾಡಿಟ್ಟಿದ್ದಳು. ಅವುಗಳಲ್ಲಿ ತಿಗಣೆ ಇರಬಾರದೆಂದು ಮಡಿವಾಳರಿಗೆ ಕೊಟ್ಟು ಹೊಳೆಯ ಹತ್ತಿರ ಉಬ್ಬೆಗೆ ಹಾಕಿಸಿದಳು. ಉಬ್ಬೆಯ ಹಬೆಯಲ್ಲಿ ಬೆಂದು, ಬಂಡೆಯ ಮೇಲೆ ಒಣಗಿ, ಬಟ್ಟೆಗಳು ಬೆಳ್ಳಗೆ ಗರಿಗರಿಯಾದವು. ಅವಳು ಗಂಟು ಕಟ್ಟಿಕೊಂಡು ಮನೆಗೂ ಹೋಗದೆ ನೇರವಾಗಿ ವರ್ತಕನ ಜಗಲಿಗೆ ಬಂದಳು. ಬಾಣಂತನ ಮುಗಿಯುವ ತನಕ ಎರಡು ತಿಂಗಳು ಇರಲು ಬಿಡಿ ಎಂದು ಕಾಲು ಹಿಡಿಯೋಣವೆಂದು ಬಂದಿದ್ದಳು.

“ಕೂತಿರು, ಬಂದೆ” ಎಂದು ವರ್ತಕ ಒಳಗೆ ಹೋದ.

ಮಟಮಟ ಮಧ್ಯಾಹ್ನ. ಅವಳು ಗಂಟನ್ನು ಪಕ್ಕದಲ್ಲಿಟ್ಟುಕೊಂಡು ಕೂತಳು. ಒಂದು ಗಂಟೆಯಾಯಿತು. ಕೈ ಸುಮ್ಮನಿರಲಾರದೆ ಗಂಟು ಬಿಚ್ಚಿ ಬಟ್ಟೆಗಳನ್ನು ಮತ್ತೆ ಮಡಿಸತೊಡಗಿದಳು. ಕೆಳಗಿನ ಬಟ್ಟೆಯ ಮೇಲೆ ಮೂರು ತಿಗಣೆಗಳಿದ್ದವು.

ಉಬ್ಬೆಯಲ್ಲಿ ಬೆಂದ ಬಟ್ಟೆಗೆ ತಿಗಣೆ ಎಲ್ಲಿಂದ ಬಂತು ಎಂದು ಯೋಚಿಸಿದಳು. ಆಮೇಲೆ ಬೆಂಚನ್ನು ನೋಡಿದಳು. ಮೂಲೆಯಲ್ಲಿದ್ದ ಪೊರಕೆಯಿಂದ ಒಂದು ಕಡ್ಡಿ ಎಳೆದು ಹಲಗೆಯ ಸಂದಿಗೆ ತೂರಿಸಿದಳು. ಒಂದು ಸಾಲು ಹೊರಗೆ ಬಂತು. ಇನ್ನೊಂದು ಸಂದಿಗೆ ತೂರಿಸಿದಳು, ಅಲ್ಲಿಂದಲೂ ಬಂತು. ಎಷ್ಟು ದಿನದಿಂದ ತಾನು ಈ ಬೆಂಚಿನ ಮೇಲೆ ಕೂತು ಏನನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದೆ ಎಂದು ಅವಳಿಗೆ ಆಗ ತಿಳಿಯಿತು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ವರ್ತಕನಿಗೆ ಅನುಕೂಲವಾಗುತ್ತಿತ್ತು, ಬಾಯಿಬಡುಕಿ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದ. ಅವನು ಹೊರಗೆ ಬರುವ ತನಕ ಅವಳು ನಿಂತು ಕಾದಳು.

“ಸಾವ್ಕಾರ್ರೇ, ನಾನು ಇವತ್ತು ಏನೂ ಕೇಳೋದಿಲ್ಲ. ಈ ಬೆಂಚಿನ ಮೇಲೆ ನೀವು ಸ್ವಲ್ಪ ಹೊತ್ತು ಕೂತ್ಕೊಳ್ಳಿ. ನಾನು ಕೂತಷ್ಟು ಬೇಡ, ಅದರಲ್ಲಿ ಅರ್ಧ ಸಾಕು.”

ಅಂಥ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಕೂತುಬಿಟ್ಟ. ಅರ್ಧವೂ ಬೇಕಾಗಲಿಲ್ಲ. ಸ್ವಲ್ಪ ಹೊತ್ತಿಗೆ ತೊಡೆಯ ಹಿಂದೆ ಚುರುಕ್ಕೆಂದಿತು. ಇನ್ನೊಂದು ಕಡೆಯೂ ಚುರುಕ್ಕೆಂದಿತು. ಅವನು ಎದ್ದು ಪಂಚೆ ಕೊಡವಿಕೊಂಡ. ಚಿಕ್ಕತಾಯಮ್ಮ ಬಿಳಿ ಬಟ್ಟೆಯನ್ನು ಅವನ ಮುಂದೆ ಹಾಸಿದಳು.

“ಇದು ನಿನ್ನ ಬಟ್ಟೆಯಿಂದಲೇ ಬಂದಿರಬೇಕು” ಎಂದ. ಅಷ್ಟು ಬೇಗ ಯಾರು ಒಪ್ಪುತ್ತಾರೆ.

“ಉಬ್ಬೆಯಿಂದ ತೆಗೆದದ್ದು ಸಾವ್ಕಾರ್ರೇ. ಹೊಳೆಯಿಂದ ನೇರ ಇಲ್ಲಿಗೆ ಬಂದಿದ್ದೀನಿ. ಬೇಕಾದರೆ ಮಡಿವಾಳರನ್ನು ಕೇಳಿ. ಅದಕ್ಕೂ ಮೊದಲು ಈ ಸಂದಿಗೆ ಒಂದು ಚೊಂಬು ಬಿಸಿನೀರು ಹುಯ್ದು ನೋಡಿ.”

ವರ್ತಕ ಬಚ್ಚಲ ಹಂಡೆಯಿಂದ ತಾನೇ ನೀರು ತಂದು ಹುಯ್ದ. ಸಂದಿಯಿಂದ ತಿಗಣೆಗಳು ಹಿಂಡುಹಿಂಡಾಗಿ ಹೊರಗೆ ಬಂದವು. ಆಗ ಅವನಿಗೆ ಲೆಕ್ಕ ತಿಳಿಯಿತು. ಯಾರು ಹೆಚ್ಚು ಸಲ ಬಂದರೋ ಅವರು ಹೆಚ್ಚು ಹೊತ್ತು ಕೂತಿದ್ದರು. ಯಾರು ಹೆಚ್ಚು ಹೊತ್ತು ಕೂತರೋ ಅವರು ಹೆಚ್ಚು ಹೊತ್ತುಕೊಂಡು ಹೋಗಿದ್ದರು. ಬಚ್ಚಲ ಮೋರಿಗೆ ಒಂದು ಜಾಲರಿ ಹಾಕಿಸಿಕೊಳ್ಳಲು ಬಂದವಳಿಗೆ ಅವನು ತಿಗಣೆ ಕೊಟ್ಟು ಕಳಿಸಿದ್ದ.

ಇಲ್ಲಿ ಅವನಿಗೊಂದು ಅಡ್ಡದಾರಿ ಕಂಡಿತು. ಅದನ್ನು ಮುಚ್ಚಿಡದೆ ಹೇಳುತ್ತೇನೆ. ಬೆಂಚನ್ನು ಹಿತ್ತಿಲಿಗೆ ಸಾಗಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಅವನು ದನಿ ತಗ್ಗಿಸಿ, “ಆಯಿತು ತಾಯಮ್ಮ, ನೀನು ಎಲ್ಲಿಗೂ ಹೋಗಬೇಡ. ಮಗಳನ್ನು ಕರೆದುಕೊಂಡು ಬಾ. ಈ ಮಾತು ನಮ್ಮಿಬ್ಬರಲ್ಲೇ ಇರಲಿ” ಎಂದ.

ಇಷ್ಟು ದಿನದಿಂದ ಅವಳು ಕೇಳಬೇಕೆಂದಿದ್ದ ಮಾತು ಅದೇ. ಕಣ್ಣಲ್ಲಿ ನೀರು ಬಂತು. ಆದರೂ ಅವಳು ಆಗದೆಂದು ತಲೆಯಾಡಿಸಿದಳು. “ಮನೆ ಕೊಟ್ಟಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಆದರೆ ತಿಗಣೆ ತಂದವಳು ನಾನು ಅಂತ ನೀವು ಅಂದದ್ದು ಅಂಗಳದಲ್ಲಿ, ಎಲ್ಲರ ಮುಂದೆ. ಅದು ಹಾಗೇ ಇದ್ದರೆ ನನ್ನ ಮೊಮ್ಮಗುವನ್ನು ಎತ್ತಿಕೊಳ್ಳೋದಕ್ಕೆ ಯಾರೂ ಬರೋದಿಲ್ಲ.”

ವರ್ತಕ ಬೆಂಚಿನ ಒಂದು ತುದಿ ಹಿಡಿದ. ಚಿಕ್ಕತಾಯಮ್ಮ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ವಠಾರದ ಅಂಗಳಕ್ಕೆ ಹೊತ್ತು ತಂದು ಬಿಸಿಲಿನಲ್ಲಿ ಇಟ್ಟರು. ಸದ್ದು ಕೇಳಿ ಜನ ಬಾಗಿಲಿಗೆ ಬಂದರು. ವರ್ತಕ ಇನ್ನೊಂದು ಚೊಂಬು ನೀರು ಹುಯ್ದು ಎಲ್ಲರಿಗೂ ತೋರಿಸಿದ.

“ತಾಯಮ್ಮ ತಂದದ್ದಲ್ಲ. ನನ್ನ ಜಗಲಿಯಿಂದ ಬಂದದ್ದು. ನಿಮ್ಮನ್ನೆಲ್ಲ ಇದರ ಮೇಲೆ ಕೂರಿಸಿ ನಾನು ಒಳಗೆ ಸುಮ್ಮನೆ ಇರುತ್ತಿದ್ದೆ. ಕೆಲಸ ಏನೂ ಇರುತ್ತಿರಲಿಲ್ಲ” ಎಂದ.

ಕೆಲಸ ಏನೂ ಇರುತ್ತಿರಲಿಲ್ಲ ಎನ್ನುವುದನ್ನು ಅವನು ಹೇಳಲೇಬೇಕಾಗಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು. ಹೇಳಿದ ಮೇಲೆ ಎದೆ ಹಗುರಾಯಿತು.

ಯಾರೂ ಬೈಯಲಿಲ್ಲ. ಐದನೇ ಮನೆಯ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು, “ನಮ್ಮನೆಯಲ್ಲೂ ಇದೆ ಕಣ್ರೀ, ಯುಗಾದಿಯಿಂದ ಕಣ್ಣು ಮುಚ್ಚಿಲ್ಲ” ಎಂದಳು. ಅವಳಿಗೆ ಅಳು ಬಂತೋ ನಗು ಬಂತೋ ಅವಳಿಗೇ ಗೊತ್ತಾಗಲಿಲ್ಲ. ಮೂರನೇ ಮನೆಯವನು ನಮ್ಮಲ್ಲೂ ಇದೆ ಎಂದ. ಒಂದನೇ ಮನೆಯವರು ಮಾತಾಡದೆ ಒಳಗೆ ಹೋಗಿ ಮಂಚವನ್ನೇ ಎತ್ತಿಕೊಂಡು ಬಂದರು. ಅದನ್ನು ನೋಡಿ ಎಲ್ಲರೂ ನಕ್ಕರು. ಅಷ್ಟು ದಿನ ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ ಕೆರೆದುಕೊಳ್ಳುತ್ತಿದ್ದವರು ಅಂದು ಒಬ್ಬರಿಗೊಬ್ಬರು ಕೈ ಚಾಚಿ ಕಚ್ಚಿದ ಗುರುತು ತೋರಿಸಿಕೊಂಡರು. ವಠಾರಕ್ಕೆ ಹೋದ ಜೀವ ಬಂದ ಹಾಗಾಯಿತು.

ಮಂಚ, ಚಾಪೆ, ತೊಟ್ಟಿಲು, ಕೌದಿ, ಎಲ್ಲವೂ ಅಂಗಳಕ್ಕೆ ಬಂದವು. ಚಿಕ್ಕತಾಯಮ್ಮನ ಪುರಿ ಒಲೆಯಷ್ಟು ದೊಡ್ಡ ಒಲೆ ವಠಾರದಲ್ಲಿ ಇನ್ನೊಂದಿರಲಿಲ್ಲ. ನೀರು ಕುದಿದದ್ದೆಲ್ಲ ಅಲ್ಲಿಯೇ. ಒಂದೊಂದೇ ಮನೆಯವರು ಕದ್ದು ಹುಯ್ದಾಗ ತಿಗಣೆ ಪಕ್ಕದ ಮನೆಗೆ ಹೋಗಿ ಮತ್ತೆ ಬರುತ್ತಿತ್ತು. ಐದೂ ಮನೆಯವರು ಒಂದೇ ದಿನ ಹುಯ್ದಾಗ ಅದಕ್ಕೆ ಹೋಗಲು ಜಾಗವಿರಲಿಲ್ಲ. ಮೊಟ್ಟೆ ಒಡೆದು ಮರಿ ಬರುತ್ತದೆಂದು ಎಂಟು ದಿನ ಬಿಟ್ಟು ಮತ್ತೊಮ್ಮೆ ಹುಯ್ದರು, ಮತ್ತೆಂಟು ದಿನ ಬಿಟ್ಟು ಇನ್ನೊಮ್ಮೆ ಹುಯ್ದರು. ಗೋಡೆಯ ಬಿರುಕುಗಳಿಗೆ ವರ್ತಕ ಸುಣ್ಣದ ಗಾರೆ ತುಂಬಿಸಿದ. ಅಮಾವಾಸ್ಯೆ ಬಂತು, ಹೋಯಿತು, ಯಾರೂ ಮನೆ ಖಾಲಿ ಮಾಡಲಿಲ್ಲ.

ಒಂಬತ್ತಕ್ಕೆ ಬೀಳುತ್ತಲೇ ಮಗಳು ಬಂದಳು. ಸುಖವಾಗಿ ಹೆರಿಗೆಯಾಯಿತು, ಹೆಣ್ಣು ಮಗು. ಸೂಲಗಿತ್ತಿ ತಾನಾಗಿಯೇ ಬಂದಳು. ಬೆಂಚನ್ನು ಏನು ಮಾಡುವುದೆಂದು ವರ್ತಕನಿಗೆ ತೋಚಿರಲಿಲ್ಲ, ತೇಗದ ಮರದ ಮೇಲೆ ಅವನಿಗೆ ಆಸೆಯಿತ್ತು. ಕೊನೆಗೆ ತಾನೇ ಕೊಡಲಿ ತಂದು ಸೀಳಿದ. ಬಾಣಂತಿಯ ನೀರಿನ ಹಂಡೆಯ ಕೆಳಗೆ ಅದು ಹನ್ನೊಂದು ದಿನ ಉರಿಯಿತು. ಕೂಸಿಗೆ ಮೈ ಕೆಂಪಗಾಗುವಂತೆ ಬಿಸಿಬಿಸಿ ನೀರು ಎರೆದರು. ಅದು ಅರಚಿ ಅರಚಿ, ಆಮೇಲೆ ನಿದ್ದೆ ಹೋಗುತ್ತಿತ್ತು. ವಠಾರವೂ ಎಷ್ಟೋ ತಿಂಗಳ ಮೇಲೆ ನಿದ್ದೆ ಮಾಡಿತು.

ಇಷ್ಟು ಹೇಳಿ ಗುರುಗಳು ಲೋಟ ತೆಗೆದುಕೊಂಡು ನೀರು ಕುಡಿದರು. ಶಂಭುಲಿಂಗನ ಮುಖ ಅರಳಿತ್ತು. ಚಿಕ್ಕತಾಯಮ್ಮನ ಮಗಳು ಹೆತ್ತ ಸುದ್ದಿ ಕೇಳಿ ಅವನಿಗೂ ನಿರಾಳವಾಗಿತ್ತು. ಆದರೂ ಅವನ ಸಂಶಯ ಪೂರ್ತಿ ಹೋಗಿರಲಿಲ್ಲ.

“ಆದರೆ ಬುದ್ಧಿ, ಆ ಮೇಷ್ಟ್ರು? ಅವರು ದೂರು ಹೇಳದೆ ಇದ್ದದ್ದು ತೃಪ್ತಿಯಿಂದಲೇ ತಾನೇ?”

“ಬಾಯಿ ಹಾಕಬೇಡ ಅಂದಿದ್ದೆ. ಇರಲಿ, ವರ್ತಕನಿಗೂ ಅದೇ ಸಂಶಯ ಬಂದಿತ್ತು.”

ವರ್ತಕ ಬಡಗಿಯನ್ನು ಕರೆದುಕೊಂಡು ಆರೂ ಮನೆಗೆ ತಾನೇ ಹೋದ. ಬಾವಿಯ ಆಚೆಯ ಮನೆಯನ್ನು ಅವನು ಸರಿಯಾಗಿ ನೋಡಿದ್ದು ಅಂದೇ. ತಿಗಣೆ ಹುಡುಕಲು ಬಂದಾಗ ಮಂಚದ ಕಾಲುಗಳನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಹಿಂಬಾಗಿಲಿಗೆ ಕೀಲು ಇರಲಿಲ್ಲ, ಸೆಣಬಿನ ಹಗ್ಗದಲ್ಲಿ ಕಟ್ಟಿದ್ದರು. ಇಲಿಬಿಲಗಳಿಗೆ ಹಳೆಯ ಚಿಂದಿ ತುರುಕಿದ್ದರು. ಸೋರುವ ಕಡೆಯೆಲ್ಲ ಪಾತ್ರೆ ಇಟ್ಟಿದ್ದರು, ಕುಡಿಯುವ ಲೋಟವೂ ಅವುಗಳಲ್ಲಿ ಒಂದಾಗಿತ್ತು. ವರ್ತಕನಿಗೆ ಮುಖ ಎತ್ತಲಾಗಲಿಲ್ಲ.

“ಒಂದು ಮಾತು ಹೇಳಬಾರದಾಗಿತ್ತೇ ಮೇಷ್ಟ್ರೇ?” ಎಂದ.

“ಹೇಳೋಣ ಅಂತ ಒಂದು ಸಲ ಬಂದಿದ್ದೆ,” ಎಂದರು ಮೇಷ್ಟ್ರು. “ನೀವು ಕೂತಿರಿ ಅಂದಿರಿ. ನನಗೆ ಸ್ಕೂಲಿಗೆ ಹೊತ್ತಾಗಿತ್ತು, ಕೂರದೆ ಹೋದೆ. ಆಮೇಲೆ ಬರಲಿಲ್ಲ.”

ಕತೆ ಅಲ್ಲಿಗೆ ಮುಗಿಯಿತು. ಹೊರಗೆ ಮತ್ತೊಮ್ಮೆ ಕೆಮ್ಮು ಕೇಳಿಸಿತು. ಗುರುಗಳು ಮುಚ್ಚಿದ್ದ ಪುಸ್ತಕವನ್ನು ತೆರೆದು ತಾವು ಬಿಟ್ಟ ಪುಟವನ್ನು ಹುಡುಕಿದರು. ಹತ್ತನೇ ಮನೆಯವರ ನೆನಪಾಗಿ ಶಂಭುಲಿಂಗ ಎದ್ದು ನಿಂತ. ಗುರುಗಳು ಪುಸ್ತಕದಿಂದ ಕಣ್ಣೆತ್ತದೆ ಕೇಳಿದರು:

“ನಾಲ್ಕನೇ ಮನೆಯಾಕೆಯನ್ನು ಎಲ್ಲಿ ಕೂರಿಸಿ ಬಂದೆ?”